ಅಲರ್ಜಿಯ ಕಣ್ಣೀರಿಗೆ ಸಿಕ್ಕ ಮರ್ಯಾದೆ

ಹೋದ ತಿಂಗಳು ಶಿಡ್ಲಘಟ್ಟದ ಒಂದು ಕಲ್ಯಾಣ ಮಂಟಪದಲ್ಲಿ ಮೂವರು ಹೆಂಗಸರು ನನ್ನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಒಬ್ಬರು ನೀರು ಕುಡಿಸಿದರು. ಇನ್ನೊಬ್ಬರು ಬೆನ್ನು ಸವರಿದರು. ಮೂರನೆಯವರು, ನಾನು ಅದಕ್ಕೆ ಮುಂಚೆ ನೋಡೇ ಇರದವರು, ತಮ್ಮ ಸೆರಗಿನಿಂದ ನನ್ನ ಮೂಗನ್ನೇ ಒರೆಸಿಬಿಟ್ಟರು.

ನನಗೆ ಏನಾಗಿತ್ತು? ಅಲರ್ಜಿ. ಅಷ್ಟೇ.

ನಾನು ಚಿಂತಾಮಣಿಯಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಕಡೆ ಮಾವು ಹೂ ಬಿಟ್ಟಿತೆಂದರೆ ಎಲ್ಲರಿಗೂ ಖುಷಿ, ನನಗೆ ಸೀನು. ಎದ್ದಕೂಡಲೇ ಹತ್ತು ಸೀನು, ಆಮೇಲೆ ಕಣ್ಣು ತುರಿಕೆ, ಅದಾದ ಮೇಲೆ ಮೂಗು ಸೋರಲು ಶುರು. ಇದೇನು ದೊಡ್ಡ ಕಾಯಿಲೆಯಲ್ಲ. ಆದರೆ ನಾನು ದಿನಾ ಮೇಕಪ್ ಹಾಕುವವಳು. ಫೌಂಡೇಶನ್, ಕಾಜಲ್, ಮಸ್ಕಾರ, ಲಿಪ್‌ಸ್ಟಿಕ್, ಎಲ್ಲವೂ. (ಪಾಠ ಹೇಳೋಕೆ ಇಷ್ಟೆಲ್ಲ ಯಾಕೆ ಎನ್ನುವವರಿಗೆ ನನ್ನ ಉತ್ತರ: ಯಾಕೆ ಬೇಡ?)

ಕಣ್ಣಿನ ಡಾಕ್ಟರು, "ಸೀಸನ್ ಮುಗಿಯೋವರೆಗೂ ಮುಖಕ್ಕೆ ಏನೂ ಹಚ್ಚಬೇಡಿ" ಎಂದರು. ಒಂದು ದಿನ ಹಾಗೇ ಸ್ಕೂಲಿಗೆ ಹೋದೆ. ನಮ್ಮ ಹೆಡ್‌ಮಾಸ್ಟರು, ಅರ್ಜಿ ಕೊಟ್ಟರೂ ರಜೆ ಕೊಡದ ಮನುಷ್ಯ, ನನ್ನ ಮುಖ ನೋಡಿ ತಾವಾಗಿಯೇ "ಮನೆಗೆ ಹೋಗಿ ರೆಸ್ಟ್ ತಗೊಳ್ಳಮ್ಮ" ಎಂದರು. ಮಾರನೆಯ ದಿನ ಫೌಂಡೇಶನ್ ವಾಪಸ್ ಬಂತು.

ಈಗ ನನ್ನದು ರಾಜಿ ಸೂತ್ರ. ಕಾಜಲ್ ಮೇಲಿನ ರೆಪ್ಪೆಗೆ ಮಾತ್ರ. ಟಿಶ್ಯೂ ಒತ್ತಬೇಕು, ಉಜ್ಜಬಾರದು. ಸಿಪ್ಪೆ ಎದ್ದ ಮೂಗಿಗೆ ಚೂರು ಕೊಬ್ಬರಿ ಎಣ್ಣೆ. ಎಷ್ಟೇ ಸುಸ್ತಾಗಿದ್ದರೂ ಮಲಗುವ ಮುಂಚೆ ಮುಖ ತೊಳೆಯಲೇಬೇಕು. ವರ್ಷದಿಂದ ಉಳಿಸಿಕೊಂಡಿದ್ದ ಮಸ್ಕಾರ ಎಸೆಯಬೇಕು (ಹೊಟ್ಟೆ ಉರಿಯುತ್ತೆ, ಆದರೂ ಎಸೆಯಬೇಕು). ಜೊತೆಗೆ ದಿನಕ್ಕೊಂದು ಮಾತ್ರೆ. ಅಕ್ಕನ ಮಗಳು ಭವ್ಯಳ ಮದುವೆಯ ದಿನ ಆ ಮಾತ್ರೆ ನುಂಗಲಿಲ್ಲ. ಅದನ್ನು ನುಂಗಿದರೆ ನಿದ್ದೆ ಬರುತ್ತೆ. ಚಿಕ್ಕಮ್ಮ ಅನ್ನಿಸಿಕೊಂಡವಳು ಧಾರೆ ಹೊತ್ತಿನಲ್ಲಿ ತೂಕಡಿಸಿದರೆ ಚೆನ್ನಾಗಿರುತ್ತಾ?

ಅಕ್ಕನ ಬಗ್ಗೆ ಹೇಳಬೇಕು. ಅವಳು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಹುಳುವಿಗೆ ಯಾವ ಘಾಟೂ ಆಗಿಬರುವುದಿಲ್ಲ. ಪೌಡರ್ ಕೂಡದು, ಸೆಂಟ್ ಕೂಡದು, ಊದುಬತ್ತಿಯೂ ಕೂಡದು. ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ನಾನು ಹೋದರೆ ಬಾಗಿಲಲ್ಲೇ ತಡೆದು, "ಮೊದ್ಲು ಆ ಬಣ್ಣ ತೊಳ್ಕೊಂಡು ಬಾರೇ" ಎನ್ನುತ್ತಾಳೆ. ಮದುವೆಯಾಗಿ ಬಂದ ಮೇಲೆ ಅವಳು ಮುಖಕ್ಕೆ ಅರಿಶಿನ ಬಿಟ್ಟು ಏನನ್ನೂ ಹಚ್ಚಿದವಳಲ್ಲ.

ಅಂಥವಳನ್ನು ಮಗಳ ಮದುವೆಯ ದಿನ ಚಿಕ್ಕಬಳ್ಳಾಪುರದಿಂದ ಬಂದ ಬ್ಯೂಟಿಷಿಯನ್ ಹುಡುಗಿ ಹಿಡಿದು ಕೂರಿಸಿದಳು. ಪ್ಯಾಕೇಜಿನಲ್ಲಿ ಮದುಮಗಳ ತಾಯಿಯೂ ಸೇರಿದ್ದಳಂತೆ. ಎಲ್ಲ ಹಚ್ಚಿ ಮುಗಿಸಿ ಹುಡುಗಿ, "ಆಂಟಿ, ಅಳ್ಬೇಡಿ ಆಯ್ತಾ, ಎಲ್ಲಾ ಹೋಗ್ಬಿಡುತ್ತೆ" ಎಂದಳು. ಅಕ್ಕ ಹುಳುವಿನ ಡಾಕ್ಟರ ಮಾತು ಕೇಳುವಷ್ಟೇ ಗಂಭೀರವಾಗಿ ತಲೆ ಆಡಿಸಿದಳು.

ಸಂಜೆ ಹೆಣ್ಣು ಒಪ್ಪಿಸುವ ಶಾಸ್ತ್ರ. ತಟ್ಟೆಯ ಹಾಲಿನಲ್ಲಿ ಮಗಳ ಕೈ ಅದ್ದಿ ಆ ಕೈಯನ್ನು ಅತ್ತೆಯ ಕೈಗೆ ಕೊಡುವ ಹೊತ್ತು. ನಮ್ಮವರಲ್ಲಿ ಊಟಕ್ಕೆ ಬಾರದವರೂ ಇದಕ್ಕೆ ಬಂದು ನಿಲ್ಲುತ್ತಾರೆ. ಯಾರು ಅತ್ತರು, ಎಷ್ಟು ಅತ್ತರು, ಯಾರು ಸುಮ್ಮನೆ ಸೆರಗು ಮುಚ್ಚಿಕೊಂಡರು, ಎಲ್ಲ ಲೆಕ್ಕಕ್ಕೆ ಬರುತ್ತದೆ.

ಭವ್ಯ ನನ್ನನ್ನು ತಬ್ಬಿಕೊಂಡಳು. ಅವಳ ಕೊರಳ ಸೇವಂತಿಗೆ ಹಾರ ನೇರ ನನ್ನ ಮೂಗಿಗೆ ಬಂತು. ಮುಗಿಯಿತು. ಕಣ್ಣು, ಮೂಗು ಒಟ್ಟಿಗೆ ಹರಿದವು. ಉಸಿರು ಸಿಕ್ಕಿಕೊಂಡಿತು. ಮಸ್ಕಾರ ಗಲ್ಲದವರೆಗೆ ಇಳಿಯಿತು. ವಿಡಿಯೋದವನು ಮದುಮಕ್ಕಳನ್ನು ಬಿಟ್ಟು ನನ್ನ ಕಡೆ ತಿರುಗಿದ. "ಅಲರ್ಜಿ, ಅಲರ್ಜಿ" ಎಂದೆ. "ದುಃಖ ಒಳಗೇ ಇಟ್ಕೋಬಾರ್ದಮ್ಮ, ಅತ್ಬಿಡು" ಎಂದರು ನೀರು ಕುಡಿಸಿದವರು.

ನಿಜ ಹೇಳುತ್ತೇನೆ, ಎರಡನೆಯ ಸಲ ನಾನು ಅಲರ್ಜಿ ಎನ್ನಲಿಲ್ಲ. ಅಷ್ಟು ಜನ ಉಪಚಾರ ಮಾಡುತ್ತಿದ್ದರೆ ಬೇಡ ಎನ್ನಲು ಯಾರಿಗೆ ಮನಸ್ಸು ಬರುತ್ತೆ? ಮೇಕಪ್ ಅಂದರೆ ಸುಳ್ಳು, ಕಣ್ಣೀರು ಅಂದರೆ ನಿಜ ಎಂದು ನಮ್ಮ ಜನರ ನಂಬಿಕೆ. ಆವತ್ತು ನನ್ನ ಮುಖದ ಮೇಲೆ ಎರಡೂ ಇದ್ದವು. ನಿಜವಾಗಿದ್ದದ್ದು ಮೇಕಪ್ ಮಾತ್ರ.

ಅಕ್ಕ ಪಕ್ಕದಲ್ಲೇ ನಿಂತಿದ್ದಳು, ಕಲ್ಲಿನ ಹಾಗೆ. ಒಂದು ಹನಿ ಇಲ್ಲ.

ನಾಲ್ಕನೆಯ ದಿನ ಅವಳ ಫೋನು ಬಂತು. ಗೌರಿಬಿದನೂರಿನ ಬೀಗಿತ್ತಿ, ಅಂದರೆ ಭವ್ಯಳ ಅತ್ತೆ, ನೆಂಟರ ಮುಂದೆ ಮಾತು ಆಡಿದ್ದರಂತೆ. "'ಹೆತ್ತೋಳಿಗೆ ಮುಖದ ಬಣ್ಣಾನೇ ಹೆಚ್ಚಾಯ್ತು. ಚಿಕ್ಕಮ್ಮಾನೇ ವಾಸಿ, ಹೊಟ್ಟೆ ಸಂಕ್ಟ ಅಂದ್ರೆ ಅದು' ಅಂದ್ರಂತೆ ಕಣೇ. ನಮ್ ಮಗು ಅಡ್ಗೆಮನೇಲಿ ನಿಂತ್ಕೊಂಡು ಫೋನಲ್ಲಿ ಅಳ್ತಿತ್ತು."

"ನೀನ್ಯಾಕೆ ಅಳ್ಲಿಲ್ಲ ಅಕ್ಕ?"

"ಬಂದಿತ್ತು. ಆ ಹುಡುಗಿ ಬೇಡ ಅಂದಿದ್ಳಲ್ಲ, ನುಂಗ್ಕೊಂಡೆ."

ನನಗೆ ನಾಚಿಕೆಯಾಯಿತು. ಹೊಸ ಮನೆಗೆ ಹೋದ ಹುಡುಗಿ ನಾಲ್ಕೇ ದಿನಕ್ಕೆ ತಾಯಿಯ ಮೇಲಿನ ಮಾತು ಕೇಳಬೇಕಾಯಿತು, ಅದೂ ನನ್ನ ಮೂಗಿನ ದೆಸೆಯಿಂದ. ಇದನ್ನು ನಾನೇ ಸರಿ ಮಾಡಬೇಕು ಎಂದು ತೀರ್ಮಾನಿಸಿದೆ.

ಮುಂದಿನ ವಾರ ಗೌರಿಬಿದನೂರಿನಲ್ಲಿ ಬೀಗರ ಊಟ. ಮಾತಿಗೆ ತೂಕ ಇರಲಿ ಎಂದು ಮುಖಕ್ಕೆ ಏನೂ ಹಚ್ಚದೆ ಅಕ್ಕನ ಜೊತೆ ಹೋದೆ. ಬೀಗಿತ್ತಿ ನನ್ನ ಗಲ್ಲ ಹಿಡಿದು, "ಅಯ್ಯೋ ತಲ್ಲಿ, ನನ್ ತಾಯಿ, ಇನ್ನೂ ಸಮಾಧಾನ ಆಗ್ಲಿಲ್ವಾ ನಿಂಗೆ? ಮುಖ ಹೆಂಗೆ ಬಾಡೋಗಿದೆ ನೋಡು!" ಎಂದರು.

(ನನ್ನ ಒರಿಜಿನಲ್ ಮುಖಕ್ಕೆ ಈ ಊರಿನಲ್ಲೂ ಇಷ್ಟೇ ಬೆಲೆ.)

ಬ್ಯಾಗಿನಿಂದ ಮಾತ್ರೆಯ ಶೀಟು, ಮೂಗಿನ ಸ್ಪ್ರೇ, ಡಾಕ್ಟರ ಚೀಟಿ ಮೂರನ್ನೂ ತೆಗೆದು ಪಂಕ್ತಿಯಲ್ಲಿ ಕೂತ ಹೆಂಗಸರ ಮುಂದೆ ಇಟ್ಟೆ. ಆವತ್ತು ಅಳಲಿಲ್ಲ, ಸೇವಂತಿಗೆ ಹೂವಿಗೆ ಹಾಗಾಯಿತು ಎಂದೆ. ಅಕ್ಕ ಮೇಕಪ್ ಹುಡುಗಿಯ ಮಾತಿಗೆ ಕಟ್ಟುಬಿದ್ದು ಅಳು ನುಂಗಿಕೊಂಡಳು ಎಂದೂ ಹೇಳಿದೆ.

ಬೀಗಿತ್ತಿ ಶೀಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಂದ್ರೆ ನೀನೂ ಅತ್ತಿಲ್ವಾ?"

"ಇಲ್ಲ."

"ಸರಿಹೋಯ್ತು, ಇವ್ರ ಮನೆತನವೇ ಕಲ್ಲು" ಎಂದು ಅವರು ಜೋರಾಗಿ ನಕ್ಕರು. ಪಂಕ್ತಿಯೇ ನಕ್ಕಿತು. ಬಡಿಸುತ್ತಿದ್ದ ಭವ್ಯಳೂ ನಕ್ಕಳು. "ಹೋಗ್ಲಿ ಬಿಡಮ್ಮ, ನಿಮ್ಮಮ್ಮನ್ನ ಸುಮ್ಮಸುಮ್ನೆ ಅಂದ್ಬಿಟ್ಟೆ" ಎಂದು ಬೀಗಿತ್ತಿ ಸೊಸೆಗೆ ಹೇಳಿ, ಅಕ್ಕನ ಎಲೆಗೆ ತಾವೇ ಇನ್ನೊಂದು ಮುದ್ದೆ ಇಟ್ಟರು. ಅರ್ಧ ಅಪವಾದ ನನ್ನ ಪಾಲಿಗೆ ಬಂದಿತ್ತು. ಕೊಟ್ಟು ಬಂದ ಮಗಳು ನಕ್ಕಳಲ್ಲ, ಅಷ್ಟು ಸಾಕು.

ವಾಪಸ್ ಬರುವಾಗ ಕಾರಿನಲ್ಲಿ ಅಕ್ಕ ನನ್ನ ಪಕ್ಕ ಕೂತಳು. ಒಳ್ಳೆಯ ಕೆಲಸ ಮಾಡಿದೆ ಎನ್ನುತ್ತಾಳೆ ಎಂದು ಕಾದೆ. ಮಂಚೇನಹಳ್ಳಿ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ನನ್ ಕೈಲಂತೂ ಆಗ್ಲಿಲ್ಲ. ನನ್ ಬದ್ಲು ನೀನಾದ್ರೂ ಅತ್ಯಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ ಕಣೇ" ಎಂದಳು. "ಹಂಗಾದ್ರೆ ಆವತ್ತು ನನ್ ಮಗಳಿಗೋಸ್ಕರ ಅಂತ ನಮ್ಮನೆಯೋರು ಯಾರೂ ಅಳ್ಲೇ ಇಲ್ವಾ?"