ರೊಟ್ಟಿ ತಿಂದ ತಪ್ಪಿಗೆ

ಸಭೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಸಾಕ್ಷಿ ಓದಿ ನಿಮ್ಮಲ್ಲಿ ಕೆಲವರಿಗೆ ಬೇಸರವಾಗಬಹುದು. ಆಗಲಿ. ದೇವರು ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳಬೇಕು. ನಮಗೆ ಒಪ್ಪುವಂತೆ ತಿದ್ದುವ ಹಕ್ಕು ನನಗಿಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಚೆಂಬೂರಿನ ಒಂದು ಚಾಳಿನಲ್ಲಿ, ಒಂದೊಂದೇ ಕೋಣೆಯ ಮನೆಗಳ ವಠಾರದಲ್ಲಿ ಇದ್ದೆವು. ನಾನು ಕನ್ನಡ ಶಾಲೆಯಲ್ಲಿ ಟೀಚರು, ನನ್ನ ಯಜಮಾನರು ಸಮುವೇಲ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಕ್ರಿಸ್ಮಸ್ಸಿಗೆ ಇನ್ನು ಕೆಲವೇ ದಿನ. ಸೋಮವಾರ ಮುಂಜಾನೆ ಫಸ್ಟ್ ಶಿಫ್ಟಿಗೆ ಹೊರಟವರು ಮೋರಿಯ ಹತ್ತಿರ ಕುಸಿದು ಕೂತು ರಕ್ತ ಕಾರಿಕೊಂಡರು. ಹೊಟ್ಟೆಯ ಹುಣ್ಣು ಒಡೆದಿತ್ತು. ನೆರೆಯವರ ಸಹಾಯದಿಂದ ಟ್ಯಾಕ್ಸಿಗೆ ಹತ್ತಿಸಿ ವಡಾಲದ ಕಡೆಯ ಆಸ್ಪತ್ರೆಗೆ ಸೇರಿಸಿದೆ. ನಾಳೆ ಮಧ್ಯಾಹ್ನದೊಳಗೆ ಆಪರೇಶನ್ ಆಗಲೇಬೇಕು, ಮೂರು ಬಾಟಲಿ ರಕ್ತ ಬೇಕು ಎಂದರು ಡಾಕ್ಟರು. ಯಾರ ರಕ್ತವಾದರೂ ನಡೆಯುತ್ತಿತ್ತು. ಮೂವರು ಬಂದು ಬ್ಲಡ್ ಬ್ಯಾಂಕಿಗೆ ತುಂಬಿಕೊಟ್ಟರೆ ಇವರಿಗೆ ಹೊಂದುವ ರಕ್ತವನ್ನು ಅವರೇ ಕೊಡುತ್ತಿದ್ದರು. ನಾನು ತಕ್ಷಣ ತೋಳು ಚಾಚಿದೆ. ನರ್ಸು ಪರೀಕ್ಷೆ ಮಾಡಿ ನಕ್ಕಳು: "ಬಾಯಿ, ನಿಮಗೇ ಯಾರಾದರೂ ಕೊಡಬೇಕು."

ಬಸ್ಸು ಹಿಡಿದು ನೇರವಾಗಿ ನಮ್ಮ ಸಭೆಯ ಹಿರಿಯರೊಬ್ಬರ ಮನೆಗೆ ಹೋದೆ. ಅವರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಪ್ರಾರ್ಥನೆಯನ್ನೂ ಮಾಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಟೀಚರಬಾಯಿ, ಮೊದಲ ಆ ಮಿಸ್ಸಮ್ಮಾರ ಕ್ಷಮಾ ಕೇಳ್ರಿ. ದೇವರು ಯಾಕ ಹೊಡದಾನ ಅಂತ ನೀವ ಸ್ವಲ್ಪ ವಿಚಾರ ಮಾಡ್ರಿ," ಎಂದರು.

ಯಾವುದಕ್ಕೆ ಕ್ಷಮೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಅದಕ್ಕೆ ಮೂರು ವಾರ ಮೊದಲು ವಿದೇಶದಿಂದ ಆರು ಜನರ ಮಿಶನ್ ತಂಡ ನಮ್ಮ ಸಭೆಗೆ ಬಂದಿತ್ತು. ಮನೆಯಿಲ್ಲದೆ ಫುಟ್‌ಪಾತಿನಲ್ಲಿ ಇರುವವರ ಸೇವೆ ಮಾಡಲು ಸ್ವಂತ ಖರ್ಚಿನಲ್ಲಿ ಸಮುದ್ರ ದಾಟಿ ಬಂದವರು. ಅವರ ಮುಖಂಡರು ಮಿಸ್ ಹೆಲೆನ್, ಐವತ್ತು ದಾಟಿದ ಗಟ್ಟಿ ಹೆಂಗಸು. ಇಂಗ್ಲಿಷು, ಹಿಂದಿ, ಕನ್ನಡ ಮೂರೂ ಬರುತ್ತಿದ್ದುದರಿಂದ ನನ್ನನ್ನು ದುಭಾಷಿಯಾಗಿ ಕೊಟ್ಟರು. ಸ್ಟೇಶನ್ ಹತ್ತಿರದ ನಾಕಾದಲ್ಲಿ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಚೌಕದಲ್ಲಿ, ವಿಜಾಪುರದ ಕಡೆಯ ಕೂಲಿಯವರು ಫುಟ್‌ಪಾತಿನಲ್ಲಿದ್ದರು. ಭಾಂಡುಪಿನಲ್ಲಿ ದೊಡ್ಡ ಕಾಲೊನಿ ಕಟ್ಟುವಷ್ಟು ಕಾಲ ಅಲ್ಲಿಯೇ ಜೋಪಡಿ ಹಾಕಿಕೊಂಡಿದ್ದವರು. ಬಿಲ್ಡಿಂಗ್ ಮುಗಿದ ದಿನ ಅವರ ಜೋಪಡಿಯನ್ನು ಕಿತ್ತರು. ಮುಂದಿನ ಬಿಲ್ಡಿಂಗ್ ಸಿಗುವ ತನಕ ದಿನಗೂಲಿ, ಫುಟ್‌ಪಾತಿನಲ್ಲಿ ಮಲಗುವುದು.

ನಾವು ಬೆಳಿಗ್ಗೆ ಏಳಕ್ಕೆ ಬ್ರೆಡ್ಡು, ಸೂಪು ತುಂಬಿಕೊಂಡು ವ್ಯಾನಿನಲ್ಲಿ ಹೋದೆವು. ಮಿಸ್ ಹೆಲೆನ್ ಹೇಳಿಕೊಟ್ಟಂತೆ ನಾನು, "ಎಲ್ಲಾರೂ ಸಾಲಾಗಿ ನಿಂದರ್ರಿ," ಎಂದು ಕೂಗಿದೆ. ಅವರು ನಿಂತದ್ದನ್ನು ನೋಡಬೇಕಿತ್ತು. ಗಟ್ಟಿಯಾದವರು ಮುಂದೆ, ಮುದುಕರು ಹಿಂದೆ, ಎಲ್ಲರ ಕೈಯಲ್ಲೂ ಬುಟ್ಟಿ, ಗುದ್ದಲಿ. ಮುಂಜಾನೆ ಗಾಡಿಯಲ್ಲಿ ಬಂದು ಸಾಲು ನಿಲ್ಲಿಸುವವನು ನಾಕಾದಲ್ಲಿ ಒಬ್ಬನೇ, ಕೂಲಿಗೆ ಕರೆದುಕೊಂಡು ಹೋಗುವ ಮುಕಾದಮ. ನಮ್ಮನ್ನು ಅವರು ಹಾಗೆಯೇ ತಿಳಿದಿದ್ದರು. ನಾವು ಬ್ರೆಡ್ಡು ಹಂಚುತ್ತಿದ್ದಾಗ ನಿಜವಾದ ಮುಕಾದಮ ರಸ್ತೆಯ ಆಚೆ ಬದಿಗೆ ಬಂದು, ಬೇರೆ ಮಂದಿಯನ್ನು ಲಾರಿಗೆ ಹತ್ತಿಸಿಕೊಂಡು ಹೋದ.

ದುರ್ಗವ್ವ ಎಂಬ ಹೆಂಗಸು ನನ್ನ ಮುಂದೆ ಬಂದು ನಿಂತಳು. "ಏನ್ ಮಾಡಿದ್ರಿ ಅಕ್ಕಾರ? ಇವತ್ತಿನ ಹಾಜರಿ ಹೋತು, ಕೂಲಿ ಹೋತು. ನಾವೇನು ಭಿಕ್ಷಾ ಬೇಡಾಕ ನಿಂತಿದ್ವೇನು?"

ನಾನೇ ನಾಕಾದ ಪಕ್ಕದಲ್ಲಿ ದಿನಾ ಓಡಾಡುವವಳು, ಇಷ್ಟು ತಿಳಿಯಬೇಡವೇ? ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಒಲೆಯ ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಚಾಚಿದಳು. "ನೀವು ಕೊಟ್ಟಿದ್ದು ನಾವು ತಿಂದೀವಿ. ನಾವು ಕೊಟ್ಟಿದ್ದು ನೀವು ತಿಂತೀರೇನ್ರಿ?"

ಕೂತು ತಿಂದೆ. ಬೆಟಗೇರಿಯಲ್ಲಿ ಹುಟ್ಟಿದವಳಿಗೆ ಬಿಸಿ ಜೋಳದ ರೊಟ್ಟಿ ಬೇಡ ಎನ್ನಲು ಬರುತ್ತದೆಯೇ? ಇನ್ನೊಂದನ್ನು ಕೇಳಿ ಹಾಕಿಸಿಕೊಂಡೆ. ಅಂದಿನಿಂದ ದಿನಾ ಸಂಜೆ ಅಲ್ಲಿ ಹತ್ತು ನಿಮಿಷ ಕೂರುವುದು ರೂಢಿಯಾಯಿತು.

ಫುಟ್‌ಪಾತಿನವರ ಕೈಯಿಂದ ಏನನ್ನೂ ತಿನ್ನಬಾರದು ಎಂಬುದು ತಂಡದ ನಿಯಮ. ಹಿಂದೊಮ್ಮೆ ಅವರಲ್ಲೊಬ್ಬರಿಗೆ ಕಾಮಾಲೆಯಾಗಿತ್ತಂತೆ, ಅದು ಸುಳ್ಳಲ್ಲ. ಆದರೆ ಮಿಸ್ ಹೆಲೆನ್ ಎಲ್ಲರ ಮುಂದೆ ನನ್ನನ್ನು ತರಾಟೆಗೆ ತೆಗೆದುಕೊಂಡಾಗ ನಾನು ಹೇಳಿದೆ: "ಕೊಡುವುದಕ್ಕೆ ಮಾತ್ರ ಬಂದವರು ನೀವು. ತೆಗೆದುಕೊಳ್ಳಲು ಬಾರದಿದ್ದರೆ ಅದು ಸೇವೆಯಲ್ಲ, ದೊಡ್ಡಸ್ತಿಕೆ." ಅಂದೇ ನನ್ನನ್ನು ಕೈಬಿಟ್ಟರು. ದೂರದಿಂದ ಬಂದ ಅತಿಥಿಗಳಿಗೆ ಅವಮಾನ ಮಾಡಿದವಳೆಂದು ಸಭೆಯವರು ನನ್ನೊಡನೆ ಮಾತು ಕಡಿಮೆ ಮಾಡಿದರು.

ಈಗ ತಿಳಿಯಿತಲ್ಲ, ಹಿರಿಯರು ಯಾವ ಕ್ಷಮೆಯ ಮಾತಾಡಿದರೆಂದು. ನಾನು ಕುರ್ಚಿಯಿಂದ ಎದ್ದೆ. "ರೊಟ್ಟಿ ತಿಂದಿದ್ದಕ್ಕ ಗಂಡನ ರಕ್ತಾ ಕೇಳೋ ದೇವರಾದರ, ಅಂಥಾ ದೇವರು ನನಗ ಬ್ಯಾಡ್ರಿ. ನನ್ನ ದೇವರು ಅಂಥಾಂವ ಅಲ್ಲ," ಎಂದು ಹೇಳಿ ಬಂದೆ. ಸಭೆಯವರದೇ ಇನ್ನೂ ನಾಲ್ಕು ಮನೆಗಳ ಬಾಗಿಲು ತಟ್ಟಿದೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ರಜೆಯಿಲ್ಲ, ಎಲ್ಲರೂ ಪ್ರಾರ್ಥನೆ ಮಾಡುತ್ತೇವೆ ಎಂದರು.

ಆಸ್ಪತ್ರೆಗೆ ಮರಳಿ ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಯಜಮಾನರ ಮುಖ ಸುಣ್ಣ ಬಳಿದ ಹಾಗಿತ್ತು. ನನಗೆ ಹೆದರಿಕೆಯಾಗಿತ್ತು. ಆದರೂ ಮೊಣಕಾಲೂರಲಿಲ್ಲ. "ಸ್ವಾಮೀ," ಎಂದೆ, "ನೀನೂ ಯಾರಾರದೋ ಮನೆಯಲ್ಲಿ ಉಂಡವನು, ಅದಕ್ಕೆ ಬೈಸಿಕೊಂಡವನು. ನಾನು ಮಾಡಿದ್ದು ತಪ್ಪಾಗಿದ್ದರೆ ನನ್ನನ್ನು ಹೊಡೆ, ಅವರನ್ನು ಬಿಡು. ತಪ್ಪಲ್ಲವಾದರೆ ಮೂರು ಜನರನ್ನು ಕಳಿಸು. ಕ್ಷಮೆ ಮಾತ್ರ ನಾನು ಕೇಳುವುದಿಲ್ಲ." ದೇವರೊಡನೆ ಹೀಗೆ ಮಾತಾಡಬಾರದೆಂದು ನನಗೂ ಗೊತ್ತು. ಅಂದು ನನ್ನ ಬಾಯಲ್ಲಿ ಬೇರೆ ಪ್ರಾರ್ಥನೆ ಬರಲಿಲ್ಲ.

ಮಂಗಳವಾರ ಒಂಬತ್ತು ಗಂಟೆಗೆ ಗೇಟಿನಲ್ಲಿ ಗಲಾಟೆ ಕೇಳಿಸಿತು. ವಾಚಮನ್ ಐದಾರು ಜನರನ್ನು ತಡೆದು, "ಇಧರ್ ಭೀಕ್ ನಹೀಂ ಮಿಲೇಗಾ, ಚಲೋ!" ಎಂದು ಗದರುತ್ತಿದ್ದ. ಅವನಿಗಿಂತ ಎತ್ತರದ ದನಿಯಲ್ಲಿ ದುರ್ಗವ್ವ ಕೂಗುತ್ತಿದ್ದಳು: "ಭಿಕಾರಿ ನೈ ಹಮ್! ಹಮಾರಾ ದಾಮಾದ್ ಅಂದರ್ ಹೈ!" ತಾವು ಭಿಕ್ಷುಕರಲ್ಲ, ತಮ್ಮ ಅಳಿಯ ಒಳಗಿದ್ದಾನೆ ಎಂದು.

ಓಡಿ ಹೋದೆ. ಹಿಂದಿನ ಸಂಜೆ ನಾನು ಬರಲಿಲ್ಲವೆಂದು ಅವಳು ಚಾಳಿಗೆ ಹುಡುಕಿಕೊಂಡು ಹೋಗಿ, ಆಸ್ಪತ್ರೆಗೆ ಜೊತೆಗೆ ಬಂದಿದ್ದ ನೆರೆಯವರಿಂದ ರಕ್ತದ ವಿಷಯವನ್ನೆಲ್ಲ ಕೇಳಿಕೊಂಡಿದ್ದಳು. ಮೈದುನ ಹಣಮಂತ ಮತ್ತು ಇನ್ನು ಮೂವರು ಜೊತೆಗಿದ್ದರು.

"ದುರ್ಗವ್ವಾ, ಇವತ್ತಿನ ಕೂಲಿ?"

"ಹೋಗ್ಲಿ ಬಿಡ್ರಿ."

"ಅಳಿಯಾ ಅಂದೆಲ್ಲಾ, ಅವರು ನಿನಗ ಅಳಿಯಾ ಹೆಂಗ ಆದ್ರು?"

"ನನ್ನ ಕೈ ರೊಟ್ಟಿ ತಿಂದ್ರಿ, ನನ್ನ ಮಗಳಾದ್ರಿ. ಮಗಳ ಗಂಡ ಏನಾಗ್ತಾನ? ನೀವ ಹೇಳ್ರಿ, ಸಾಲಿ ಕಲಿಸೋರು!"

ನನ್ನ ಕಣ್ಣಲ್ಲಿ ನೀರು ಬಂದದ್ದು ಆಗ, ಅಲ್ಲಿಯ ತನಕ ಒಂದು ಹನಿಯೂ ಬಂದಿರಲಿಲ್ಲ.

ಬ್ಲಡ್ ಬ್ಯಾಂಕಿನ ಮರಾಠಿ ಗುಮಾಸ್ತ, ದುರ್ಗವ್ವ ಪೇಶಂಟಿಗೆ ಏನಾಗಬೇಕು ಎಂದು ಕೇಳಿದ. "ಸಾಸು," ಎಂದೆ, ಅತ್ತೆ. ಅವನು ಸಮುವೇಲ ಎಂಬ ಹೆಸರನ್ನೂ ದುರ್ಗವ್ವನ ಹಣೆಯ ಕುಂಕುಮವನ್ನೂ ಎರಡು ಸಲ ನೋಡಿ, ಹಾಗೆಯೇ ಬರೆದುಕೊಂಡ. ಸುಳ್ಳು ಬರೆಸಿದೆಯಲ್ಲ ಎನ್ನುವವರು ಇದ್ದರೆ ನನ್ನೆದುರು ಬಂದು ಹೇಳಲಿ.

ಐವರಲ್ಲಿ ಇಬ್ಬರನ್ನು ತೂಕ ಸಾಲದೆಂದು ತಿರುಗಿಸಿದರು. ಉಳಿದವರು ಮೂರೇ ಜನ. ರಕ್ತ ಕೊಟ್ಟರೆ ಬುಟ್ಟಿ ಹೊರುವ ತಾಕತ್ತು ಹೋಗುತ್ತದೆಂಬ ಭಯ ಅವರೆಲ್ಲರಿಗೂ ಇತ್ತು. ಆ ತಾಕತ್ತು ಬಿಟ್ಟರೆ ಅವರಿಗೆ ಈ ಊರಲ್ಲಿ ಬೇರೇನಿದೆ? ದುರ್ಗವ್ವ ಗಟ್ಟಿಯಾಗಿ ಕಣ್ಣು ಮುಚ್ಚಿ ತನ್ನ ದೇವಿಯ ಹೆಸರು ಹೇಳುತ್ತಿದ್ದಳು. ನಾನು ಅವಳ ಇನ್ನೊಂದು ಕೈ ಹಿಡಿದು ಯೇಸುವಿನ ಹೆಸರು ಹೇಳುತ್ತಿದ್ದೆ.

ಮಧ್ಯಾಹ್ನ ಆಪರೇಶನ್ ಆಯಿತು. ಯಜಮಾನರು ಬದುಕಿದರು.

ಮಿಸ್ ಹೆಲೆನ್ ವಾರ್ಡಿಗೆ ಬಂದರು. ನಡೆದದ್ದನ್ನೆಲ್ಲ ಕೇಳಿ, "ಅವರ ರೊಟ್ಟಿಗೆ ನಾನು ಹೆದರಿದ್ದೆ," ಎಂದರು. ಅಷ್ಟು ಹೇಳಲೂ ಧೈರ್ಯ ಬೇಕು. ನನ್ನ ಸಿಟ್ಟು ಅರ್ಧ ಇಳಿಯಿತು, ಅರ್ಧ ಇನ್ನೂ ಇದೆ. ದುರ್ಗವ್ವ ಕ್ರೈಸ್ತಳಾದಳೇ ಎಂದು ಹಲವರು ಕೇಳಿದ್ದಾರೆ. ಆಗಲಿಲ್ಲ, ನಾನೂ ಕೇಳಲಿಲ್ಲ. ನನ್ನನ್ನು ಕಾಪಾಡಲು ದೇವರು ಅವಳ ಹಣೆಯ ಕುಂಕುಮ ಅಳಿಸಬೇಕಾಗಲಿಲ್ಲ. ಅವನಿಗೆ ನನ್ನ ಕೋಟಿ ಸ್ತೋತ್ರ. ಮೆಟ್ಟಿಲ ಮೇಲೆ ಕೂತು ಜಗಳವಾಡಿದವಳ ಮಾತನ್ನೂ ಕೇಳುವವನು ಅವನು ಎಂಬುದನ್ನು ಇನ್ನು ಯಾರೂ ನನ್ನಿಂದ ಕಸಿದುಕೊಳ್ಳಲಾರರು.

ಯಜಮಾನರು ಮೊದಲ ಸಲ ಆರಾಧನೆಗೆ ಬಂದ ಭಾನುವಾರ ಆ ಹಿರಿಯರು ಎದ್ದು ನಿಂತು, "ನಮ್ಮ ಸಭೆಯ ಪ್ರಾರ್ಥನೆಯನ್ನು ದೇವರು ಕೇಳಿದ," ಎಂದು ಸ್ತೋತ್ರ ಸಲ್ಲಿಸಿದರು. ನಾನೂ ಎದ್ದು ನಿಂತೆ.

"ಹೌದ್ರಿ, ಕೇಳಿದ," ಎಂದೆ. "ಕೇಳಿ, ನಮ್ಮೊಳಗ ಒಬ್ಬರನ್ನೂ ಕಳಸಲಿಲ್ಲ."

ಆಗ ಗಂಡಸರ ಸಾಲಿನಿಂದ ನನ್ನ ಯಜಮಾನರು, ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು, ಜೋರಾಗಿ ಆಮೆನ್ ಅಂದರು.