ನಮ್ಮ ಲೇಔಟಿನ ಮೊದಲ ಕಳ್ಳತನ

ಶಿಕಾರಿಪುರದಲ್ಲಿ ಒಂದೊಂದು ಕಡೆಗೆ ಒಂದೊಂದು ಕಳವು ಮೀಸಲು. ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲು, ದೇವಸ್ಥಾನದ ಮುಂದೆ ಚಪ್ಪಲಿ, ಹೊಲಗಳ ಕಡೆ ಪಂಪ್‌ಸೆಟ್ಟಿನ ಕೇಬಲ್ಲು. ನಮ್ಮ ಹೊಸ ಲೇಔಟಿನಲ್ಲಿ ಮಾತ್ರ ಏನೂ ಹೋಗುತ್ತಿರಲಿಲ್ಲ. ನನಗೆ ಅದು ನೆಮ್ಮದಿಯ ವಿಷಯ. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಅವಮಾನ. ಮೂಲೆಮೂಲೆಗೆ ಕ್ಯಾಮೆರಾ ಹಾಕಿಸಿ, ಅದರಲ್ಲಿ ಬರೀ ನಾಯಿಗಳನ್ನೇ ನೋಡಿ ಬೇಸತ್ತಿದ್ದರು. "ಕಳ್ಳರೂ ನಮ್ಮನ್ನ ಲೆಕ್ಕಕ್ಕೆ ತಗೊಳ್ಳಲ್ಲ ಅಂದ್ರೆ ಹೆಂಗ್ರೀ ಟೀಚರ್?" ಎಂದು ಒಮ್ಮೆ ನನ್ನನ್ನೇ ಕೇಳಿದ್ದರು. ನಾನು ಮೇಷ್ಟ್ರಗಿರಿ ಬಿಟ್ಟು ಕಳ್ಳತನಕ್ಕೆ ಇಳಿಯಬೇಕೇನೋ ಅನ್ನುವ ಹಾಗಿತ್ತು ಅವರ ಧಾಟಿ.

ಈ ಸಲದ ದೀಪಾವಳಿಗೆ ಸೊರಬದ ಕಡೆಯಿಂದ ಅಪ್ಪ ಬಂದ. ಕುಪ್ಪಗಡ್ಡೆ ಹತ್ತಿರದ ನಮ್ಮೂರಿನಲ್ಲಿ ಹಬ್ಬದ ಮುನ್ನಾದಿನ ರಾತ್ರಿ ಬೂರೆ ಹಾಯುತ್ತಾರೆ. ಅಂದರೆ ಕದಿಯುತ್ತಾರೆ: ಯಾರದೋ ಹಿತ್ತಲಿನ ಸೌತೆಕಾಯಿ, ಎಳನೀರು, ಬಾಳೆಗೊನೆ. ಕಳೆದುಕೊಂಡವರು ಬಾಯ್ತುಂಬ ಬೈಯುತ್ತಾರೆ, ಒಳಗೊಳಗೇ ಹಿಗ್ಗುತ್ತಾರೆ. ಯಾರ ಹಿತ್ತಲನ್ನು ಯಾರೂ ಮುಟ್ಟಲಿಲ್ಲವೋ ಅವರ ಮುಖ ಹಬ್ಬ ಮುಗಿಯುವವರೆಗೂ ಊದಿಕೊಂಡಿರುತ್ತದೆ.

ಹಬ್ಬದ ದಿನ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಅಡುಗೆಕಟ್ಟೆಯ ಮೇಲೊಂದು ಸೋರೆಕಾಯಿ.

"ಹಬ್ಬ ಅಂದ್ಮೇಲೆ ಬೂರೆ ಬ್ಯಾಡ್ವನೇ ಮಾರಾಯ್ತಿ?" ಎಂದ ಅಪ್ಪ, ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಾ.

ಯಾರ ಮನೆಯದು ಎಂದು ಕೇಳುವಷ್ಟರಲ್ಲಿ ಫೋನಿನಲ್ಲಿ ಸಂಘದ ಗ್ರೂಪಿಗೆ ಕ್ಯಾಮೆರಾದ ವಿಡಿಯೋ ಬಂತು. ಪಂಚೆ ಎತ್ತಿ ಕಟ್ಟಿ, ಮುಖ ಮುಚ್ಚುವಂತೆ ತಲೆಗೆ ಟವೆಲ್ ಸುತ್ತಿದವನೊಬ್ಬ ಅಧ್ಯಕ್ಷರ ಸೋರೆಬಳ್ಳಿಯ ಚಪ್ಪರಕ್ಕೆ ಕೈ ಹಾಕಿದ್ದ. ಕೆಳಗೆ ಅಧ್ಯಕ್ಷರದೇ ಒಕ್ಕಣೆ: 'ಕೊನೆಗೂ!' ತಿಂಡಿ ಹೊತ್ತಿಗೆ ಲೇಔಟಿಗೆ ಲೇಔಟೇ ಕಳೆದುಕೊಂಡದ್ದನ್ನು ನೆನಪು ಮಾಡಿಕೊಳ್ಳುತ್ತಿತ್ತು. ಒಬ್ಬರಿಗೆ ಬಕೆಟ್ಟು, ಇನ್ನೊಬ್ಬರಿಗೆ ಹೂಕುಂಡ, ಮತ್ತೊಬ್ಬರಿಗೆ ಹೋದ ಮಳೆಗಾಲದಲ್ಲಿ ಬಸ್ಸಿನಲ್ಲಿ ಬಿಟ್ಟುಬಂದ ಛತ್ರಿ.

ನಾನು ನಗುತ್ತಲೇ ದೋಸೆ ಹೊಯ್ಯುತ್ತಿದ್ದೆ. ಪಾತ್ರೆ ತೊಳೆಯಲು ಬರುವ ಹೆಂಗಸು ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯವರನ್ನು ವಿಚಾರಿಸಿದೆ. ಅವಳ ಗಂಡನನ್ನು ಹಿಡಿದು ತಂದು ಸಂಘದ ಕೋಣೆಯಲ್ಲಿ ನೆಲದ ಮೇಲೆ ಕೂರಿಸಿದ್ದಾರಂತೆ. ಕಳ್ಳತನವಾದರೆ ಅದು ಕಾಲುವೆಯಾಚೆಯ ಶೀಟಿನ ಮನೆಗಳಿಂದಲೇ ಬರಬೇಕು ಎಂದು ಸಂಘ ಕ್ಯಾಮೆರಾ ಹಾಕಿಸಿದ ದಿನವೇ ತೀರ್ಮಾನಿಸಿತ್ತು. ಅವನಿಗೂ ಒಂದು ಪಂಚೆ ಇತ್ತು, ಒಂದು ಟವೆಲ್ ಇತ್ತು. ಒಲೆ ಆರಿಸಿ ಅಪ್ಪನ ಬಳಿ ಹೋದೆ.

ಹೇಳಿದ್ದೇ ತಡ, ಅಪ್ಪ ಸ್ನಾನಕ್ಕೂ ಕಾಯದೆ, ಎಣ್ಣೆ ಮೈಯಲ್ಲೇ ಸೋರೆಕಾಯಿ ಹೆಗಲಿಗೇರಿಸಿ ಹೊರಟ. ನಾನು ಹಿಂದೆಯೇ ಓಡಿದೆ.

ಅಲ್ಲಿ ಅಧ್ಯಕ್ಷರು ಮೂಲೆಯಲ್ಲಿ ಕೂತವನ ಕಡೆ ಬೆರಳು ಮಾಡಿ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಹೆಂಗ್ ಬೆವರ್ತಾನೆ ನೋಡ್ರಿ!" ಎನ್ನುತ್ತಿದ್ದರು.

"ಅವ್ನ ಹೆಗಲಲ್ಲಿ ಎಂಥ ನೋಡ್ತೀರಿ ಮಾರಾಯ್ರೇ? ಕಾಯಿ ಇಲ್ಲಿದೆ ನೋಡಿ. ಕದ್ದವ ನಾನು," ಎಂದ ಅಪ್ಪ ಬಾಗಿಲಲ್ಲಿ ನಿಂತು.

ಕೋಣೆಗೆ ಕೋಣೆಯೇ ನಕ್ಕಿತು. "ಅಯ್ಯೋ, ಟೀಚರ್ ತಂದೆಯವ್ರಾ! ಸೊರಬದ ಕಡೆ ಬೂರೆ ಹಬ್ಬ ಅಲ್ಲೇನ್ರೀ ಇದು! ಎಂಥಾ ಸಂಪ್ರದಾಯ!" ಎನ್ನುತ್ತಾ ಅಧ್ಯಕ್ಷರು ತಾವೇ ಕುರ್ಚಿ ತಂದರು. ಯಾರೋ ಅಪ್ಪನ ಎಣ್ಣೆ ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡರು. ಮೂಲೆಯವನಿಗೆ, "ಏಳಪ್ಪ, ಹೋಗು," ಎಂದಷ್ಟೇ ಹೇಳಿದರು.

ಅಪ್ಪ ಕುರ್ಚಿಯಲ್ಲಿ ಕೂರಲಿಲ್ಲ. "ಅವ್ನು ಕೂತಲ್ಲೇ ನನ್ನೂ ಕೂರ್ಸಿ. ಸೋರೆಕಾಯಿ ಅದೇ ಅಲ್ದಾ?" ಎಂದ. ಅದಕ್ಕೂ ನಕ್ಕರು.

ಸಂಜೆ ಅಧ್ಯಕ್ಷರು ಅದೇ ಸೋರೆಕಾಯಿಗೆ ಅರಿಸಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಸಮೇತ ಮನೆಗೆ ತಂದುಕೊಟ್ಟರು. ಬರುವ ವರ್ಷವೂ ತಮ್ಮ ಮನೆಯಲ್ಲೇ ಕದಿಯಬೇಕೆಂದು ಅಪ್ಪನನ್ನು ಕೇಳಿಕೊಂಡರು. ಅಪ್ಪ ಎದ್ದು ಒಳಗೆ ಹೋದ.

ಮರುದಿನ ಕೆಲಸದ ಹೆಂಗಸು ಬಂದಳು. ಪಾತ್ರೆ ತೊಳೆದು ಹೊರಟಾಗ ನಾನು ಸೋರೆಕಾಯಿಯಲ್ಲಿ ಅರ್ಧ ಕೊಯ್ದು ಅವಳ ಕೈಗಿಡಲು ಹೋದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ್ರೀ ಅಕ್ಕಾರೆ. ಅದನ್ನ ಹಿಡ್ಕಂಡು ನಾನು ಕಾಲುವೆ ದಾಟಾಕಾಗಲ್ಲ. ದಾರಿ ತುಂಬ ಕ್ಯಾಮೆರಾ ಅದಾವು."