ಗಂಗವ್ವನನ್ನು ಕೊಟ್ಟ ದಿನ

ಎಲ್ಲಾದರೂ ರಾಳ ಕಾಯಿಸುವ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನಗೆ ಹೊಟ್ಟೆ ಉರಿಯುತ್ತದೆ. ಕಳೆದುಹೋದ ಮನೆಯನ್ನು ಎದುರಿಗೆ ತಂದು ನಿಲ್ಲಿಸುವ ಇಂಥ ಒಂದು ವಾಸನೆ ನಿಮಗೂ ಇದ್ದೀತು. ಘಟಪ್ರಭೆಯ ದಂಡೆಯಲ್ಲಿದ್ದ ನಮ್ಮ ಮನೆಯ ಅಂಗಳದಲ್ಲಿ ಬೇಸಿಗೆ ತುಂಬ ಅದೇ ವಾಸನೆ. ಅಪ್ಪ ಜನರನ್ನು ಆಚೆ ದಡಕ್ಕೆ ದಾಟಿಸುವ ಅಂಬಿಗ. ದೋಣಿಯನ್ನು ಬೋರಲು ಹಾಕಿ, ಹಲಗೆಗಳ ಸಂದಿಗೆ ನಾರು ತುರುಕಿ, ರಾಳ ಬಳಿದು, ಮೇಲೆ ಕುಸುಬೆ ಎಣ್ಣೆ ತಿಕ್ಕುತ್ತಿದ್ದ, ಎಳೆಗೂಸಿಗೆ ಹಚ್ಚಿದ ಹಾಗೆ. ನನ್ನ ತಲೆಗೂ ಒಂದಿಷ್ಟು ಹಚ್ಚು ಎಂದರೆ, "ಗಂಗವ್ವಗಽ ಸಾಲಂಗಿಲ್ಲ, ತಡಿ" ಎನ್ನುತ್ತಿದ್ದ. ಗಂಗವ್ವ ಎಂದರೆ ಆ ದೋಣಿ.

ನಾನು ಹುಟ್ಟುವ ಮುಂಚೆಯೇ ಮನೆಗೆ ಬಂದವಳಾದ್ದರಿಂದ ಆಕೆ ಹಿರಿಯ ಮಗಳು. ಹೊಳೆ ತುಂಬಿದ ಮೇಲೆ ಮೊದಲ ಸಲ ನೀರಿಗಿಳಿಸುವ ದಿನ ಅವ್ವ ಆಕೆಗೆ ಉಡಿ ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಮೇಲೊಂದು ಹೊಸ ಖಣ. ಒಂದು ವರ್ಷ ಕೆಂಪು ಅಂಚಿನ ಹಸಿರು ಖಣ ತಂದಿದ್ದರು. ಅದರಲ್ಲಿ ನನಗೊಂದು ಚೆಂದದ ಕುಪ್ಪಸ ಆಗುತ್ತಿತ್ತು. ಹಲಗೆಗೆ ಯಾತರ ಕುಪ್ಪಸ ಎಂದು ಅತ್ತು ಹೊರಳಾಡಿದೆ. "ಅಕ್ಕನ ಮ್ಯಾಲೆ ಹೊಟ್ಟಿಕಿಚ್ಚ ಪಡಬಾರ್ದವ್ವಾ" ಅಂದಳು ಅವ್ವ, ನಗದೆಯೇ. ಓಣಿಯ ಹುಡುಗಿಯರಿಗೆ ಅವರವರ ಅಕ್ಕಂದಿರು ಜಡೆ ಹಾಕುತ್ತಿದ್ದರು. ನನ್ನ ಅಕ್ಕ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಅಪ್ಪನನ್ನು ತಾನೊಬ್ಬಳೇ ಇಟ್ಟುಕೊಳ್ಳುತ್ತಿದ್ದಳು. ಒಂದೇ ಒಂದು ಸಲ ಅಪ್ಪ ನನ್ನ ಹೆಸರನ್ನು ಮೊದಲು ಹೇಳಲಿ ಎಂದು ನನಗೆ ಎಷ್ಟು ಆಸೆಯಿತ್ತೋ!

ಹೊಳೆಗೆ ಪೂಲು ಕಟ್ಟಿ, ಜನ ಅದರ ಮೇಲೆ ನಡೆದು ದಾಟತೊಡಗಿದ ಮೇಲೆ ದೋಣಿ ಹತ್ತುವವರು ಕಡಿಮೆಯಾದರು. ಗೋಕಾಕದ ಹಳೆಯ ವಾಡೆಯೊಂದರಲ್ಲಿ ಊರ ಹಿರಿಯರು ವಸ್ತು ಸಂಗ್ರಹಾಲಯ ತೆರೆದಿದ್ದರು. ಅಂಬಿಗರ ಸಂಘದವರು ಒಂದು ದಿನ ಅಲ್ಲಿ ಶಾಲೆಯ ಮಕ್ಕಳಿಗೆ ದೋಣಿ ತೋರಿಸುವುದು, ಆಮೇಲೆ ಗಂಗವ್ವ ಅಲ್ಲೇ ಉಳಿಯುವುದು ಎಂದು ಮಾತಾಯಿತು. ನನಗೆ ಒಳಗೊಳಗೇ ಹಬ್ಬ. ಚಕ್ಕಡಿಯಲ್ಲಿ ಹೇರಿಕೊಂಡು ಹೋದೆವು. ವಾಡೆಯ ಅಂಗಳದಲ್ಲಿ ಪೇಟೆಯ ಮಕ್ಕಳು ಚಪ್ಪಲಿ ಸಮೇತ ಹತ್ತಿ ಕೂತು ಒಣ ನೆಲದ ಮೇಲೆ ಹುಟ್ಟು ಹಾಕಿದರು. ಅಪ್ಪ ಒಬ್ಬೊಬ್ಬರ ಕೈ ಹಿಡಿದು ಕಲಿಸಿದ. ನಾನು ಹತ್ತಹೋದರೆ, "ನೀ ಮನಿ ಹುಡುಗಿ, ಬಂದವರು ಕುಂಡ್ರಲಿ" ಅಂದುಬಿಟ್ಟ. ಆ ಮಕ್ಕಳ ಮೇಲೂ ನನಗೆ ಮೈಯೆಲ್ಲ ಉರಿ.

ಮಕ್ಕಳನ್ನು ಕರೆತಂದಿದ್ದ ಮಾಸ್ತರರು ನನ್ನನ್ನು ನೋಡಿ ಅಪ್ಪನನ್ನು ಕೇಳಿದರು, "ಮಕ್ಕಳೆಷ್ಟ್ರಿ ನಿಮಗ?"

"ಇಬ್ಬರು ಹೆಣ್ಮಕ್ಕಳ್ರಿ. ಹಿರ್ಯಾಕಿ ಗಂಗವ್ವ. ಇಕಿ ನೀಲವ್ವ, ಸಣ್ಣಾಕಿ."

"ಗಂಗವ್ವನ್ನ ಯಾವ ಊರಿಗೆ ಕೊಟ್ಟೀರಿ?"

ಪಾಪ, ಅವರಿಗೇನು ಗೊತ್ತು. ಅಪ್ಪ ದೋಣಿಯ ಅಂಚಿನ ಮೇಲೆ ಕೈ ಇಟ್ಟ. "ಇವತ್ತ ಇಲ್ಲೇ ಕೊಟ್ಟೇನ್ರಿ" ಎಂದವನು ಎಲ್ಲರೆದುರು ಗಳಗಳನೆ ಅತ್ತ. ಅವ್ವ ಸೆರಗಿನ ಗಂಟು ಬಿಚ್ಚಿ ಕೊನೆಯ ಸಲ ಉಡಿ ತುಂಬಿದಳು. ಮುಂದೆ ನನ್ನನ್ನು ಹುಕ್ಕೇರಿಗೆ ಕೊಟ್ಟಾಗ ಇದೇ ಅಪ್ಪ ಬೀಗರಿಗೆ ಬಡಿಸುವ ಗಡಿಬಿಡಿಯಲ್ಲಿದ್ದ. ಅವನ ಕಣ್ಣು ಒದ್ದೆಯಾಗಲಿಲ್ಲ. ಮರೆಯಬೇಕೆಂದರೂ ಅದನ್ನು ಮರೆಯಲು ನನ್ನಿಂದಾಗಿಲ್ಲ.

ಹೊಳೆದಂಡೆಯ ಆ ಮನೆ ಒಂದು ಮಳೆಗಾಲದಲ್ಲಿ ಕುಸಿಯಿತು. ಆಮೇಲೆ ಅವ್ವನೂ ಹೋದಳು. ಅಪ್ಪನನ್ನು ನನ್ನ ಮನೆಗೆ ಕರೆತಂದೆ. ಅಷ್ಟರಲ್ಲಿ ಅವನ ನೆನಪು ಹಾರಿಹೋಗಿತ್ತು. ಗಂಜಿ ಕುಡಿಸಲು ಕೂತರೆ ನನ್ನ ಮುಂಗೈ ಸವರುತ್ತ "ಗಂಗವ್ವಾ" ಎನ್ನುತ್ತಿದ್ದ. "ನಾ ಗಂಗವ್ವ ಅಲ್ಲೋ ಯಪ್ಪಾ, ನೀಲವ್ವ" ಎಂದು ಸಿಟ್ಟಿನಿಂದ ತಿದ್ದುತ್ತಿದ್ದೆ. ಮತ್ತೆ ಅದೇ ಹೆಸರು. ಕೊನೆಗೊಂದು ಮಧ್ಯಾಹ್ನ ಸೋತು "ಓ" ಎಂದೆ. ಅಪ್ಪ ಮುಖ ತುಂಬ ನಕ್ಕ. ನಾನು ಹುಟ್ಟಿದಾಗಿನಿಂದ ಕಾಯುತ್ತಿದ್ದ ನಗು ಅದು. ಅದು ಆಕೆಗೆ ಸೇರಿದ್ದೆಂದು ನನಗೆ ಗೊತ್ತು. ಆದರೂ ನಾನೇ ಇಟ್ಟುಕೊಂಡಿದ್ದೇನೆ.